ಛತ್ರದ ತೊಲೆಯಲ್ಲೊಂದು ಆಕಾಶ ನಡಿಗೆ

ಅಮೆರಿಕದವರು ಇಡೀ ಜಗತ್ತಿನ ಕಣ್ಣಿಗೆ ಮಣ್ಣೆರಚಿರಬಹುದು. ಮಳವಳ್ಳಿಯ ಯೋಗಾನರಸಿಂಹನ ಕಣ್ಣಿಗೆ ಎರಚುವುದು ಅಷ್ಟು ಸುಲಭವಲ್ಲ. ಹೊಟ್ಟೆಪಾಡಿಗೆ ಗುಮಾಸ್ತನಾದರೂ ಊರಿನ ನಾಟಕ ಸಂಘದಲ್ಲಿ ವರ್ಷವರ್ಷವೂ ನಾರದನಾಗಿ ಹಗ್ಗದಲ್ಲಿ ದೇವಲೋಕದಿಂದ ಇಳಿಯುತ್ತಿದ್ದವನು ಅವನು. (ಹಗ್ಗ ಜಗ್ಗುತ್ತಿದ್ದವನು ಕೆಂಪಯ್ಯ, ಚಪ್ಪಾಳೆ ಮಾತ್ರ ನಾರದನಿಗೆ.)

ಸರ್ಕಾರದ ವ್ಯಾನು ಬಂದು, ಅಮೆರಿಕದ ಗಗನಯಾತ್ರಿಯೊಬ್ಬ ನೌಕೆಯಿಂದ ಹೊರಬಂದು ತೇಲುವ ಚಿತ್ರವನ್ನು ಸ್ಕೂಲಿನ ಮೈದಾನದಲ್ಲಿ ತೋರಿಸಿದಾಗ ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಯೋಗಾನರಸಿಂಹ ಮಾತ್ರ ನಕ್ಕ.

"ಸೊಂಟ ಬಗ್ಗಿರೋದು ನೋಡು, ಕೈ ಎರಡೂ ಮುಂದೆ. ಹಗ್ಗಕ್ಕೆ ಜೋತುಬಿದ್ದವನ ಮೈಯೇ ಅದು. ಹಿಂದೆ ಕರಿ ಪರದೆ, ಹಗ್ಗಕ್ಕೂ ಕರಿ ಬಣ್ಣ," ಎಂದು ಹೆಂಡತಿಗೆ ತೀರ್ಪು ಕೊಟ್ಟ.

"ನೀವು ಇಳಿಯೋವಾಗ ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಕಾಲು ಬಡೀತೀರಿ. ಅವನು ಬಡೀಲಿಲ್ಲ. ನಿಜವಾಗ್ಲೂ ತೇಲ್ತಿದ್ದಾನೆ ಕಣ್ರೀ," ಎಂದಳು ಸರಸಮ್ಮ.

ಸರ್ಕಾರದ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಕಬ್ಬಿನ ತಳಿ ನೋಡಿಕೊಳ್ಳುತ್ತಿದ್ದ ಅವಳ ತಮ್ಮ ಸಂಪತ್ ಕುಮಾರ ಅಕ್ಕನ ಪಕ್ಷ. ಅವನಿಗೆ ಕಂಠವೂ ಇತ್ತು, ನಾರದನ ಪಾತ್ರದ ಮೇಲೆ ಕಣ್ಣೂ ಇತ್ತು. ಮಾತಿಗೆ ಮಾತು ಬೆಳೆದು ಯೋಗಾನರಸಿಂಹ ಸಂಘದವರ ಎದುರಿಗೇ ಪಂಥ ಕಟ್ಟಿದ: ಆ ಗಗನಯಾತ್ರಿ ಮಾಡಿದ್ದನ್ನೆಲ್ಲ ಹಗ್ಗದಲ್ಲೇ ಮಾಡಿ ತೋರಿಸುತ್ತೇನೆ, ಆಗದಿದ್ದರೆ ನಾರದನ ತಂಬೂರಿ ಭಾವಮೈದುನನಿಗೆ. ತಂಬೂರಿ ಬಿಟ್ಟರೆ ಅವನಿಗೆ ಊರಲ್ಲಿ ಬೇರೆ ಮರ್ಯಾದೆ ಇರಲಿಲ್ಲ. ಮನೆಯಲ್ಲಂತೂ ಮೊದಲಿಂದಲೂ ಇರಲಿಲ್ಲ.

ಸಂಘದ ಅಧ್ಯಕ್ಷ ಶಿವಯ್ಯನವರ ಚಿಂತೆಯೇ ಬೇರೆ. ಆ ವರ್ಷದ ನಾಟಕ ವಿಶ್ವಾಮಿತ್ರನದು; ತಲೆಕೆಳಗಾಗಿ ನೇತಾಡುವ ತ್ರಿಶಂಕುವಿನ ಪಾತ್ರಕ್ಕೆ ಒಬ್ಬ ಗಂಡಸೂ ಒಪ್ಪಿರಲಿಲ್ಲ.

ಭಾನುವಾರ ತಾಲೀಮಿನ ಛತ್ರದಲ್ಲಿ ತೊಲೆಗೆ ರಾಟೆ ಬಿತ್ತು. ಪ್ರತಿವರ್ಷ ಕಂಕುಳ ಕೆಳಗೆ ಕಟ್ಟಿಸಿಕೊಳ್ಳುತ್ತಿದ್ದ ಹಗ್ಗವನ್ನು ಯೋಗಾನರಸಿಂಹ ಈ ಸಲ ಗಗನಯಾತ್ರಿಯ ಗತ್ತಿನಲ್ಲಿ ಸೊಂಟದ ಹಿಂದಕ್ಕೆ ಕಟ್ಟಿಸಿಕೊಂಡ. ಹೊಟ್ಟೆ ಮುಂದಿದೆ, ಹಗ್ಗ ಹಿಂದಿದೆ ಎಂದು ಸರಸಮ್ಮ ಎಚ್ಚರಿಸಿದಳು. ವಿಜ್ಞಾನದ ವಿಷಯಕ್ಕೆ ಹೆಂಗಸರು ಬರಬಾರದೆಂದು ಅಪ್ಪಣೆಯಾಯಿತು.

ಕೆಂಪಯ್ಯ ಜಗ್ಗಿದ. ನೆಲ ಬಿಟ್ಟ ಕೂಡಲೇ ಹೊಟ್ಟೆ ಕೆಳಗೆ ಎಳೆಯಿತು, ತಲೆ ಹೊಟ್ಟೆಯನ್ನು ಹಿಂಬಾಲಿಸಿತು, ಕಾಲುಗಳು ಸ್ವರ್ಗಾರೋಹಣ ಮಾಡಿದವು. ತೇಲುವುದಿರಲಿ, ಯೋಗಾನರಸಿಂಹ ಬುಗುರಿಯಂತೆ ತಿರುಗುತ್ತ, ಕಾಲು ಝಾಡಿಸುತ್ತ, ಪಂಚೆಗಾಗಿ ಪರದಾಡುತ್ತ ಮನೆದೇವರನ್ನು ಕೂಗಿದ.

"ನೋಡಿದ್ರಾ," ಎಂದ ಸಂಪತ್ ಕುಮಾರ. "ಹಗ್ಗದಲ್ಲಿರೋನು ಹೀಗಿರ್ತಾನೆ, ಸಿನಿಮಾದವನು ಹೀಗಿರಲಿಲ್ಲ. ಅಮೆರಿಕದವರದು ನಿಜ ಅನ್ನೋದಕ್ಕೆ ಭಾವ ಒಬ್ಬರೇ ಸಾಕ್ಷಿ ಸಾಕು."

ಯೋಗಾನರಸಿಂಹ ಇಳಿಸೆಂದು ಗೋಗರೆದ. ಕೆಂಪಯ್ಯ ಅಧ್ಯಕ್ಷರ ಕಡೆ ನೋಡಿದ. ಬಹಳ ದಿನದ ಮೇಲೆ ಶಿವಯ್ಯನವರ ಮುಖ ಅರಳಿತ್ತು.

"ಏನ್ ಕಿರುಚ್ತಾರೆ, ಏನ್ ಕಾಲಾಡುಸ್ತಾರೆ. ಇನ್ನು ಉಡುಕೋದ್ ಬ್ಯಾಡ ಬುಡು ಕಣಮ್ಮ, ತ್ರಿಶಂಕು ಸಿಕ್ಬುಟ್ರು," ಎಂದು ಸರಸಮ್ಮನಿಗೆ ಹೇಳಿದರು.

ಸರಸಮ್ಮ ಸೆರಗು ಸರಿಮಾಡಿಕೊಂಡು ಕಂಬಕ್ಕೊರಗಿ ಕೂತಳು.

"ಹಾಗಾದ್ರೆ ಈಗಲೇ ಇಳಿಸಬೇಡ ಕೆಂಪಯ್ಯ. ಇನ್ನೊಂದಿಷ್ಟು ಅಭ್ಯಾಸ ಆಗಲಿ."