ಇನ್ನೊಂಚೂರು ಸಣ್ಣಗ

ಶಹಾಪುರದಲ್ಲಿ ಹುಚ್ಚರಿಗೇನೂ ಬರವಿಲ್ಲ. ಆದರೆ ಕಾಫಿ ಹುಚ್ಚ ಒಬ್ಬನೇ, ಅವನೂ ನಮ್ಮ ಮನೆತನಕ್ಕೇ ಗಂಟುಬಿದ್ದಿದ್ದಾನೆ! ನನ್ನ ತಂಗಿಯ ಗಂಡ. ಚಹಾ ಕುಡಿದೇ ಬೆಳೆದ, ಹಿಟ್ಟಿನ ಗಿರಣಿ ನಡೆಸುವ, ಕಣ್ಣರೆಪ್ಪೆಯ ಮೇಲೂ ಜೋಳದ ಹಿಟ್ಟು ಹೊತ್ತು ತಿರುಗುವ ಈ ಮನುಷ್ಯನಿಗೆ ಕಾಫಿಯ ಗೊಡವೆ ಯಾಕೆ ಬೇಕಿತ್ತು? ನಾನು ಶಾಲೆ ಕಂಡದ್ದು ಕಡಿಮೆ. ಮುಖಕ್ಕೆ ಹೊಡೆದಂತೆ ಮಾತಾಡಿಯೇ ಮುದುಕಿಯಾದವಳು. ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ.

ತಂಗಿಗೆ ಒಂದು ಜ್ವರ ಬಂತು. ಹೋಗುವಾಗ ಅದು ಅವಳ ಮೂಗು, ನಾಲಿಗೆ ಎರಡನ್ನೂ ಗಂಟುಕಟ್ಟಿಕೊಂಡು ಹೋಯಿತು. ಒಗ್ಗರಣೆ ಸೀದರೂ ತಿಳಿಯದು, ಬೆಲ್ಲಕ್ಕೂ ಮಣ್ಣಿಗೂ ಫರಕಿಲ್ಲ. ರೊಟ್ಟಿ ಬಾಯಿಗಿಟ್ಟರೆ ಅರಿವೆ ಅಗಿದ ಹಾಗಾಗುತ್ತದೆಂದು ತಾಟು ಸರಿಸುತ್ತಿದ್ದಳು. ಕುಪ್ಪಸ ಸಡಿಲವಾದವು, ಬಳೆ ಮೊಣಕೈಗೆ ಏರತೊಡಗಿದವು. ಯಾದಗಿರಿಯ ಡಾಕ್ಟರು, "ಗಟ್ಟಿ ವಾಸನಿ ಇರೋದನ್ನ ದಿನಾ ಮೂಸಸ್ರಿ. ಲವಂಗ, ನಿಂಬಿ, ಕಾಫಿ. ಬಂದ್ರ ಬರ್ತದ, ಇಲ್ಲಂದ್ರ ಇಲ್ಲ" ಎಂದರು. ಲವಂಗವಾಯಿತು, ನಿಂಬೆಯಾಯಿತು. ಏನೂ ಬರಲಿಲ್ಲ. ಉಳಿದದ್ದು ಕಾಫಿ.

ಬೇರೆ ಗಂಡಸಾಗಿದ್ದರೆ ಅಂಗಡಿಯಿಂದ ಒಂದು ಪುಡಿಕೆ ತರುತ್ತಿದ್ದ. ಇವನು ಮಷಿನ್ನನ್ನೇ ತರಿಸಿದ! ಬಿಸಿನೀರನ್ನು ಪುಡಿಯೊಳಗೆ ಜೋರಾಗಿ ನುಗ್ಗಿಸಿ, ಡಾಂಬರಿನಂಥ ಎರಡು ಗುಟುಕು ಹಿಂಡಿಕೊಡುವ ಎಸ್ಪ್ರೆಸೊ ಮಷಿನ್. ಅದಕ್ಕೆ ವಿಭೂತಿ ಹಚ್ಚಿದ, ಕಾಯಿ ಒಡೆದ. ಕಾಯಿನೀರು ಸ್ವಿಚ್ಚಿಗೆ ಸಿಡಿದು ಮನೆಯ ಕರೆಂಟೇ ಹೋಯಿತು. ಶುಭಾರಂಭ ಎಂದರೆ ಇದಲ್ಲವೇ!

"ಪುಡಿ ಎಲ್ಲೈತಪಾ?" ಎಂದೆ.

"ಬೀಜ ತರಿಸೀನ್ರಿ ಅಕ್ಕಾರ. ಮನ್ಯಾಗ ಗಿರಣಿ ಇಟ್ಕೊಂಡು ಪುಡಿ ಕೊಳ್ಳಾಕ ನನಗೇನು ಹುಚ್ಚೇನ್ರಿ?"

ಈ ಪ್ರಶ್ನೆಗೆ ಉತ್ತರ ಅವನ ಗಿರಣಿಯೇ ಕೊಟ್ಟಿತು. ಜೋಳ ಬೀಸುವ ಕಲ್ಲಿಗೇ ಕಾಫಿ ಬೀಜ ಸುರಿದ. ಮರುದಿನ ಓಣಿಯ ಹೆಂಗಸರು ಕರ್ರಗಿನ ರೊಟ್ಟಿ ಹಿಡಿದು ಗಿರಣಿಯ ಮುಂದೆ ನಿಂತರು. "ಸಾವುಕಾರ್ರ, ಜ್ವಾಳ ಬೀಸೀರೋ, ಇದ್ದಲಿ ಬೀಸೀರೋ? ಕಹಿ ಅಂತ ಹುಡುಗ್ರು ಉಗಳಾಕತ್ತಾವ!"

ಬೈಸಿಕೊಂಡವನ ಮುಖ ಅರಳಿತು! "ಹೌದೇನ್ರೀ? ಅಷ್ಟು ಕಹಿ ಆಗ್ಯಾವೇನು? ಒಂದು ಇಲ್ಲಿ ಕೊಡ್ರಿ, ಆಕಿಗೆ ತಿನಿಸಿ ನೋಡ್ತೀನಿ!" ರೊಟ್ಟಿ ಕಸಿದುಕೊಂಡು ಮನೆಗೆ ಓಡಿದ. ತಂಗಿ ತಿಂದಳು. "ಮೆತ್ತಗ ಆಗೇದ" ಎಂದಳು. ಅಷ್ಟೇ.

ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗಿರಣಿಯೊಂದನ್ನು ತೊಳೆದು ಕಾಫಿಗೆಂದೇ ಮೀಸಲಿಟ್ಟ. ಪುಡಿ ದಪ್ಪವಾದರೆ ನೀರು ನಿಲ್ಲದೆ ಓಡುತ್ತದೆ. ಸಣ್ಣಗಾದರೆ ಮಷಿನ್ ಈಯಲಾರದ ಎಮ್ಮೆಯ ಹಾಗೆ ನರಳುತ್ತದೆ. ಒಮ್ಮೆ ಪುಡಿ ತುಂಬಿದ ಬಟ್ಟಲೇ ಹಿಡಿಕೆ ಸಮೇತ ಹಾರಿತು. ಇವನ ಹಣೆಯ ವಿಭೂತಿ ಉಳಿಯಿತು, ಗೋಡೆಯ ಸುಣ್ಣ ಉಳಿಯಲಿಲ್ಲ. ಇನ್ನು ನಮ್ಮ ಬೋರಿನ ಸವಳು ನೀರು ಬಿಡುತ್ತದೆಯೇ? ಮಷಿನ್ನಿನ ಕೊಳವೆಯಲ್ಲೂ ಬಿಳಿ ಪೊರೆ ಕಟ್ಟಿತು. ಹಿತ್ತಾಳೆ ಕೊಡ ಬೆಳಗುವವರಂತೆ ಹುಣಸೆಹಣ್ಣು ಕಿವುಚಿ ಅದರ ಹೊಟ್ಟೆಗೆ ಬಿಟ್ಟ! ಆಮೇಲೆ ನನಗೊಂದು ಬಟ್ಟಲು ಕೊಟ್ಟ.

"ಹ್ಯಾಂಗದರೀ?"

"ಸಾರು ಛಲೋ ಅದ. ಒಗ್ಗರಣಿ ಒಂದು ಕಡಿಮಿ."

ತಂಗಿ ಮಾತ್ರ ದಿನವೂ ಎರಡು ಗುಟುಕು ಕುಡಿದು, ಕಣ್ಣು ಮುಚ್ಚಿ, ಯೋಚಿಸಿ ಹೇಳುತ್ತಿದ್ದಳು: "ನಿನ್ನಿಗಿಂತ ಛಲೋ ಅದರೀ. ಇನ್ನೊಂಚೂರು ಸಣ್ಣಗ ಬೀಸ್ರಿ." ಇವನು ಎದ್ದು ಗಿರಣಿಗೆ ಓಡುತ್ತಿದ್ದ. ನಾಲಿಗೆ ತಿರುಗಿ ಬರುತ್ತಿದೆ ಎಂದು ನಾನೂ ನಂಬಿದ್ದೆ.

ಮೊನ್ನೆ ಊಟಕ್ಕೆ ಹೋದೆ. ತಂಗಿ ಮಾಡಿದ ಬೇಳೆಯ ಒಂದು ತುತ್ತು ಬಾಯಿಗಿಟ್ಟೆ. ಶಿವನೇ! ಬರೀ ಉಪ್ಪು! ಇವನು ತಲೆ ಬಗ್ಗಿಸಿ ಉಣ್ಣುತ್ತಿದ್ದ. "ಛಲೋ ಆಗೇದ, ಇನ್ನೊಂದು ಸೌಟು ಹಾಕು" ಎಂದ. ಹಾಕಿಸಿಕೊಂಡು ನನ್ನ ಕಡೆ ಒಮ್ಮೆ ನೋಡಿದ. ನಾನು ಬಾಯಿ ಮುಚ್ಚಿಕೊಂಡು ನುಂಗಿದೆ.

ಅವನು ಗಿರಣಿಗೆ ಹೋದ ಮೇಲೆ ತಂಗಿಯನ್ನು ಹಿಡಿದೆ. "ಖರೇ ಹೇಳು. ಕಾಫಿ ರುಚಿ ಹತ್ತತದೇನು?"

"ಬಿಸಿ ಅದ ಅನ್ನೋದೊಂದೇ ಗೊತ್ತಾಗ್ತದಕ್ಕಾ."

"ಮತ್ತ ಸಣ್ಣಗ ಬೀಸ್ರಿ, ಸಣ್ಣಗ ಬೀಸ್ರಿ ಅಂತ ಯಾಕ ಕುಣಸಾಕತ್ತಿ ಆ ಮನಶಾನ್ನ?"

ಅವಳು ತಾಟು ತೊಳೆಯುತ್ತಲೇ ಹೇಳಿದಳು: "ಏನೂ ಗೊತ್ತಾಗವಲ್ದು ಅಂದಿದ್ದೆ ಒಂದಿನ. ಅವತ್ತು ಗಿರಣಿ ಬಾಗಲಾನೂ ತಗೀಲಿಲ್ಲ. ಗ್ವಾಡಿಗೆ ಮಕಾ ಮಾಡಿ ಕುಂತಿದ್ರು. ಸಣ್ಣಗ ಬೀಸ್ರಿ ಅಂದ್ರ ಏಳ್ತಾರ."

ಚೀಲ ಎತ್ತಿಕೊಂಡು ಹೊರಬಿದ್ದೆ.

ಗಿರಣಿಯ ಮುಂದೆ ದಾಟುವಾಗ ಅವನು ಓಡಿಬಂದ. ರೆಪ್ಪೆ ತುಂಬ ಹಿಟ್ಟು. "ಅಕ್ಕಾರ, ನಿಮ್ಮ ಮುಂದ ಆಕಿ ಖರೇ ಹೇಳ್ತಾಳ. ನಾಲಿಗಿಗೆ ಏನರ ಬಂದದಂತೇನ್ರಿ?"

ನನ್ನ ಬಾಯಲ್ಲಿ ಆ ಬೇಳೆಯ ಉಪ್ಪು ಇನ್ನೂ ಹಾಗೇ ಇತ್ತು.

"ಇನ್ನೊಂಚೂರು ಸಣ್ಣಗ ಬೀಸಬೇಕಂತ ನೋಡಪಾ" ಎಂದೆ.

ಅವನು ಒಳಗೆ ಹೋದ. ನಾನು ತಿರುವು ದಾಟುವ ಮೊದಲೇ ಗಿರಣಿ ಶುರುವಾಯಿತು.