ಒಂದೇ ಮನೆಯ ಮೂರು ವಾಕರಿಕೆ

ವಾಕರಿಕೆ ಅಂದ್ರೆ ನಮ್ಮ ಜನಕ್ಕೆ ಎರಡೇ ಕಾರಣ. ಮದುವೆಯಾದ ಹೆಣ್ಣಾದರೆ ಬಸಿರು, ಮಿಕ್ಕವರಿಗೆಲ್ಲ ಪಿತ್ತ. ಲಿವರ್ ಕೆಟ್ಟಿರಬಹುದು, ಹೊಟ್ಟೆಹುಣ್ಣಿರಬಹುದು, ಅರೆತಲೆನೋವಿರಬಹುದು, ಕಿವಿಯೊಳಗೆ ತೊಂದರೆ ಇರಬಹುದು ಅಂತ ನಾನು ಬಾಯಿ ನೋಯೋವರೆಗೂ ಹೇಳಿದರೂ, "ಅದೆಲ್ಲ ಇಂಗ್ಲಿಷ್ ಕಾಯಿಲೆ ಬಿಡಿ ಡಾಕ್ಟ್ರಮ್ಮ" ಅಂತಾರೆ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನನ್ನ ಡಾಕ್ಟರ್ ಶಾಪಿಗೆ ಇಂಥ ಕೇಸು ಬರದೇ ಇದ್ದ ದಿನ ಇಲ್ಲ. ಕಾರಣ ಹುಡುಕೋದರಲ್ಲಿ ನಾನು ಗಟ್ಟಿಗಿತ್ತಿ, ಜಂಬ ಅಂದ್ಕೊಂಡ್ರೂ ಚಿಂತೆ ಇಲ್ಲ. ಆದರೂ ಒಂದೇ ಮನೆಯವರು ಮೂರು ಸಲ ಬಂದು ಮೂರು ಸಲವೂ ನನ್ನ ಬೆವರಿಳಿಸಿದ್ರು.

ಸೊಸೆ

ಮೊದಲು ಬಂದದ್ದು ಅತ್ತೆ, ಸೊಸೆ. ಅತ್ತೆಗೆ ಹಣೆ ತುಂಬ ವಿಭೂತಿ, ಬೀದಿ ಕೊನೆಗೆ ಕೇಳೋ ಗಂಟಲು. ಸೊಸೆಗೆ ಇಪ್ಪತ್ತು ದಾಟಿರಲಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲ, ಈಗ ದಿನಾ ಮಧ್ಯಾಹ್ನ ವಾಂತಿ. ಅತ್ತೆ ಆಗಲೇ ಬೀದಿಯಲ್ಲೆಲ್ಲ ಸಕ್ಕರೆ ಹಂಚಿ ಬಂದಿದ್ದರು. ನಾನು ಹೂಂ ಅಂದರೆ ಸಾಕು ಅನ್ನೋ ಹಾಗೆ ಕೂತಿದ್ದರು.

ಪರೀಕ್ಷೆ ಮಾಡಿದೆ. ಬಸಿರಿಲ್ಲ ಅಂತ ಹೇಳಿದ ತಕ್ಷಣ ಅತ್ತೆಯ ಮುಖ ಗಂಟಾಯ್ತು. ದೀಪಾವಳಿಯೊಳಗೆ ಆಗದಿದ್ರೆ ಇವಳನ್ನ ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ ಅಂತ ಆ ಹುಡುಗಿ ಎದುರಿಗೇ ಅಂದುಬಿಟ್ರು. ಅವಳು ತಲೆ ತಗ್ಗಿಸಿ ಸೆರಗಿನ ಚುಂಗು ತಿರುವುತ್ತಾ ಇದ್ದಳು. ನನಗೆ ಮೈಯೆಲ್ಲ ಉರಿದುಹೋಯ್ತು.

ಏನು ತಿಂತೀಯಮ್ಮ ಅಂದೆ. ಎಲ್ಲರೂ ತಿನ್ನೋದನ್ನೇ ಅಂದಳು. ಯಾವಾಗ? ಎಲ್ಲರದೂ ಆದಮೇಲೆ, ಮಧ್ಯಾಹ್ನ ಮೂರಕ್ಕೆ. ಸಾರು ಮಾಡೋದು ಯಾವುದರಲ್ಲಿ? ಅತ್ತೆ ಮದುವೆಗೆ ಬಂದ ಹಿತ್ತಾಳೆ ಪಾತ್ರೆಯಲ್ಲಿ. ಕಲಾಯಿ ಹಾಕಿಸಿದ್ದೀರಾ ಅಂತ ಅತ್ತೆಯನ್ನ ಕೇಳಿದೆ. ಕಲಾಯಿಯವನು ಮೋಸಗಾರ, ಅವನನ್ನ ಬಾಗಿಲ ಹತ್ತಿರಕ್ಕೂ ಸೇರಿಸಲ್ಲ ಅಂದ್ರು. ಅಲ್ಲಿಗೆ ಮುಗೀತು. ಬೆಳಗ್ಗೆ ಮಾಡಿದ ಹುಣಸೆಹುಳಿ ಸಾರು ಬರೀ ಹಿತ್ತಾಳೆಯಲ್ಲಿ ಕೂತು ಕೂತು ಲೋಹ ಬಿಡ್ತಿತ್ತು. ಉಳಿದವರು ಬಿಸಿಬಿಸಿಯಾಗಿ ಉಂಡು ಏಳ್ತಿದ್ರು, ತಳದ ವಿಷ ಈ ಹುಡುಗಿ ಪಾಲಿಗೆ.

ಪಾತ್ರೆಗೆ ಕಲಾಯಿ ಹಾಕಿಸಿ, ಇವಳು ನಿಮ್ಮ ಜೊತೇಲೇ ಊಟ ಮಾಡ್ಲಿ ಅಂದೆ.

"ಕಲಾಯಿ ಹಾಕಿಸ್ತೀನಿ. ಅತ್ತೆ ಪಕ್ಕ ಸೊಸೆ ಕೂತು ಉಣ್ಣೋದನ್ನ ಯಾವ ಕಾಲೇಜಲ್ಲಿ ಹೇಳಿಕೊಡ್ತಾರೆ ಡಾಕ್ಟ್ರಮ್ಮ?"

"ಮೆಡಿಕಲ್ ಕಾಲೇಜಲ್ಲಿ" ಅಂದೆ.

ಮಗ

ಸೊಸೆ ವಾಂತಿ ನಿಂತಿತು. ಮಳೆಗಾಲ ಶುರುವಾಗೋ ಹೊತ್ತಿಗೆ ಮಗ ಬಂದ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸೋ ಸಾಧು ಪ್ರಾಣಿ. ಬೆಳಗ್ಗೆ ಮಿಷನ್ ಮುಂದೆ ನಿಂತ್ರೆ ಹೊಟ್ಟೆ ತೊಳಸುತ್ತಂತೆ.

ಎಣ್ಣೆ ವಾಸನೆ ಇರಬಹುದು ಅಂತ ನಾನೂ ಅಂದ್ಕೊಂಡೆ. ಭಾನುವಾರ ಹೇಗಿರುತ್ತೆ ಅಂದೆ. ಭಾನುವಾರವೂ ಹಾಗೇ. ಸರಿ, ಫ್ಯಾಕ್ಟರಿ ನಿರಪರಾಧಿ. ಕುಡಿತ ಇದೆಯಾ ಅಂದರೆ ಶಿವನಾಣೆ ಇಟ್ಟ. ಕೆದಕಿ ಕೆದಕಿ ಕೇಳಿದಾಗ, ರಾತ್ರಿ ಅಮ್ಮ ಕೊಡೋ ಹಾಲು ಯಾಕೋ ಕಹಿ ಅಂದ.

ಅಮ್ಮನಿಗೆ ಹೇಳಿಕಳಿಸಿದೆ. ಒಂಚೂರೂ ನಾಚಿಕೆ ಇಲ್ಲದೆ ಒಪ್ಪಿಕೊಂಡ್ರು. ಯಾರೋ ಪಂಡಿತ ಸಂತಾನಕ್ಕೆ ಅಂತ ಲೇಹ್ಯ ಕೊಟ್ಟಿದ್ದ. ಒಂದು ಚಮಚ ಅಂದಿದ್ದನ್ನ ಬೇಗ ಆಗಲಿ ಅಂತ ಇವರು ಮೂರು ಚಮಚ ಕದಡ್ತಾ ಇದ್ದರು. ಮೂಸಿ ನೋಡಿದರೆ ನನಗೇ ವಾಕರಿಕೆ ಬಂತು. ಇವತ್ತೇ ಮೋರಿಗೆ ಸುರೀರಿ ಅಂದೆ.

ಯಾಕೋ ಅನುಮಾನ ಬಂದು, ಮನೇಲಿ ಯಾರ್‍ಯಾರು ಎಲ್ಲೆಲ್ಲಿ ಮಲಗ್ತೀರಿ ಅಂತ ಕೇಳಿದೆ. ಇರೋದೊಂದೇ ರೂಮು, ಅದರಲ್ಲಿ ಅತ್ತೆ ಮತ್ತು ಯಜಮಾನರು. ಮಗ ನಡುಮನೆಯಲ್ಲಿ. ಸೊಸೆ ಅಡುಗೆಮನೆಯಲ್ಲಿ.

ಅಲ್ಲಮ್ಮಾ, ಯಾವ ಲೇಹ್ಯ ತಾನೇ ನಡುಮನೆಯಿಂದ ಅಡುಗೆಮನೆಗೆ ನಡ್ಕೊಂಡು ಹೋಗುತ್ತೆ, ಮಕ್ಕಳಿಗೆ ರೂಮು ಬಿಟ್ಟುಕೊಡಿ ಅಂದೆ.

ಅದು ಸಾಧ್ಯವೇ ಇಲ್ಲ ಅಂದ್ರು ಅತ್ತೆ. "ಫ್ಯಾನ್ ಇರೋದು ಅದೊಂದೇ ರೂಮಲ್ಲಿ. ಯಜಮಾನರಿಗೆ ಫ್ಯಾನ್ ಇಲ್ದೆ ನಿದ್ದೆ ಬರಲ್ಲ."

ಅತ್ತೆ

ದೀಪಾವಳಿಗೆ ಸ್ವಲ್ಪ ಮುಂಚೆ ಇಡೀ ಸಂಸಾರವೇ ಬಂತು. ಮುಂದೆ ಅತ್ತೆ, ಹಿಂದೆ ಯಜಮಾನರು, ಮಗ, ಕಡೆಗೆ ಟ್ರಂಕು ಹಿಡ್ಕೊಂಡು ಸೊಸೆ. ಅತ್ತು ಅತ್ತು ಅವಳ ಕಣ್ಣು ಊದಿತ್ತು.

ಅತ್ತೆಗೆ ವಾರಗಟ್ಟಲೆ ವಾಕರಿಕೆಯಂತೆ. ಕಾರಣ ಅವರೇ ಕಂಡುಹಿಡಿದಾಗಿತ್ತು. ಸೊಸೆ ಊಟದಲ್ಲಿ ಮದ್ದು ಹಾಕ್ತಿದಾಳೆ! ನಾನು ಹೌದು ಅಂದ ಕೂಡಲೆ ಅವಳನ್ನ ಇಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ಬಿಡೋದು ಅಂತ ತೀರ್ಮಾನ. ನನಗೆ ನಿಜವಾಗಲೂ ಭಯವಾಯ್ತು. ಇವತ್ತು ಕಾರಣ ಸಿಗದಿದ್ರೆ ಆ ಹುಡುಗಿಯ ಬಾಳು ನನ್ನ ಬಾಗಿಲಲ್ಲೇ ಮುಗಿದು ಹೋಗ್ತಿತ್ತು.

ಅತ್ತೆಯೊಬ್ಬರನ್ನೇ ಒಳಗೆ ಕರ್ಕೊಂಡು ಬಾಗಿಲು ಹಾಕಿದೆ. ಕಣ್ಣು ಹಳದಿಯಾಗಿಲ್ಲ. ಹೊಟ್ಟೆ ನೋವಿಲ್ಲ, ತಲೆ ಸುತ್ತಿಲ್ಲ. ಪಾತ್ರೆಗೆ ಕಲಾಯಿ ಇದೆ. ಮುಟ್ಟು ಸರಿಯಾಗಿ ಆಗ್ತಿದೆಯಾ ಅಂತ ಕೇಳಿದೆ. ಶ್ರಾವಣದಿಂದ ನಿಂತುಹೋಯ್ತು, ವಯಸ್ಸಾಯ್ತಲ್ಲ ಅಂದ್ರು. ವಯಸ್ಸು ಎಷ್ಟು ಅಂದ್ರೆ ನಲವತ್ತೂ ಆಗಿಲ್ಲ. ಹದಿನೈದಕ್ಕೇ ಮದುವೆಯಾದವರು.

ಹೊಟ್ಟೆ ಮುಟ್ಟಿ ನೋಡಿದೆ. ಇನ್ನೊಂದು ಸಲ ನೋಡಿದೆ. ತುಟಿ ಕಚ್ಚಿ ನಗು ತಡ್ಕೊಂಡೆ.

"ಅಮ್ಮಾ, ಮದ್ದು ಹಾಕಿರೋದು ನಿಮ್ಮ ಸೊಸೆ ಅಲ್ಲ."

"ಮತ್ಯಾರು?"

"ನಿಮ್ಮ ಯಜಮಾನರು. ಮೂರು ತಿಂಗಳಾಗಿದೆ."

ಬೆವರು ಒರೆಸಿಕೊಂಡ್ರು, ನೀರು ಕೇಳಿ ಕುಡಿದ್ರು. ನಿಮ್ಮ ಬಾಣಂತನ ಯಾರು ಮಾಡ್ತಾರೆ ಅಂತ ಮೆಲ್ಲಗೆ ಕೇಳಿದೆ. ತಾಯಿ ತೀರಿಕೊಂಡಿದ್ದಾರೆ, ಹೆಣ್ಣುಮಕ್ಕಳಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಅವರೂ ನೋಡಿದ್ರು.

ಎದ್ದು ಬಾಗಿಲು ತೆಗೆದು, ಸೊಸೆ ಕೈಯಿಂದ ಟ್ರಂಕು ಕಿತ್ತು ಮಗನ ಕೈಗೆ ಕೊಟ್ಟು, ಮನೆಗೆ ತಗೊಂಡು ನಡಿ ಅಂದ್ರು. ಇವಳು ಎಲ್ಲಿಗೂ ಹೋಗಲ್ಲ, ಇನ್ಮೇಲೆ ಆ ಮಾತು ಯಾರೂ ಎತ್ತಬಾರದು.

ಮಗ ಗಾಬರಿಯಾಗಿ ಇವಳಿಗೇನಾಯ್ತಮ್ಮ ಅಂದ.

ಅತ್ತೆ ಗೋಡೆ ನೋಡ್ತಾ ಹೇಳಿದ್ರು: "ಅವಳಿಗೇನೂ ಆಗಿಲ್ಲ. ಅವಳಿಗೊಬ್ಬ ಮೈದುನನೋ ನಾದಿನಿಯೋ ಬರ್ತಾ ಇದಾರೆ."

ಮೊದಲು ಅರ್ಥವಾಗಿದ್ದು ಸೊಸೆಗೆ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು, ಭುಜ ಕುಣೀತಾ ಇತ್ತು. ನನಗಂತೂ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಷ್ಟು ಖುಷಿ.

ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದ ಯಜಮಾನರು ಮೆಲ್ಲಗೆ ಎದ್ದು ಒಳಗೆ ಬಂದ್ರು. ಮುಖ ಬಿಳಿಚಿಕೊಂಡಿತ್ತು.

"ಯಾಕೋ ನನಗೂ ಹೊಟ್ಟೆ ತೊಳಸ್ತಾ ಇದೆ ಡಾಕ್ಟ್ರಮ್ಮ."

"ನಿಮ್ಮದಕ್ಕೆ ಕಾರಣ ಹುಡುಕೋ ಕೆಲಸ ಇಲ್ಲ ಬಿಡಿ ಸಾರ್" ಅಂದೆ.