ಎಪ್ಪತ್ತೊಂದರ ಸಿದ್ದಮ್ಮನಿಗೆ ಏಳು ವರ್ಷ

ಸುಮ್ಮನೆ ತನ್ನ ಪಾಡಿಗಿರುವವನು ತಪ್ಪು ತಿಳಿದುಕೊಂಡರೆ ಅದು ಅವನ ತಲೆಯೊಳಗೇ ಇರುತ್ತದೆ. ಮೇಷ್ಟ್ರಾದವನು ತಪ್ಪು ತಿಳಿದುಕೊಂಡರೆ ಮೂವತ್ತು ಜನ ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಕೆಳಗೆ ಗೀಟು ಎಳೆಯುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಪುಟ್ಟ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದೆ. ಮೂರು ಕಂಪ್ಯೂಟರು, ಹೊರಗೆ ಚಪ್ಪಲಿಗಳ ಗುಡ್ಡೆ, ಒಳಗೆ ನನ್ನ ಗತ್ತು. ಕೀಬೋರ್ಡಿನಲ್ಲಿ ಇಪ್ಪತ್ತೈದು ಎಂದು ಒತ್ತಿದರೂ ಯಂತ್ರದ ಪಾಲಿಗೆ ಅದು ಎರಡು ಅಕ್ಷರಗಳಷ್ಟೇ. ಅದನ್ನು ಲೆಕ್ಕಕ್ಕೆ ಒದಗುವ ಸಂಖ್ಯೆಯಾಗಿಸಲು ಎಟಾಯ್ ಎಂಬ ಫಂಕ್ಷನ್ ಇದೆ. "ಎಟಾಯ್ ಕೈಗೆ ಕೊಟ್ಟು ನಿಶ್ಚಿಂತೆಯಾಗಿರಿ" ಎಂದು ನಾನು ಹೇಳುತ್ತಿದ್ದೆ. ಹುಡುಗರು ಗೀಟು ಎಳೆಯುತ್ತಿದ್ದರು.

ಆ ವರ್ಷ ಟಿ. ನರಸೀಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರ ಏರ್ಪಾಡಾಯಿತು. ಹೆಸರು ಬರೆಸಿದವರ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಿಕೊಡುತ್ತೇನೆಂದು, ಯಾರೂ ಕೇಳದಿದ್ದರೂ, ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ನಮ್ಮ ಕೇಂದ್ರದ ಮಹಡಿಯ ಮೇಲೆ ಟೈಪಿಂಗ್ ಕಲಿಸುತ್ತಿದ್ದ ರಾಜಮ್ಮನವರು ಹೆಸರು, ಊರು, ವಯಸ್ಸುಗಳನ್ನು ಟೈಪ್ ಮಾಡಿದರು. ನಲವತ್ತು ದಾಟಿದವರನ್ನು ಆಪರೇಷನ್ ಪಟ್ಟಿಗೂ ಉಳಿದವರನ್ನು ಮುಂದಿನ ತಿಂಗಳ ಕನ್ನಡಕದ ಪಟ್ಟಿಗೂ ನನ್ನ ಪ್ರೋಗ್ರಾಮು ಕ್ಷಣಮಾತ್ರದಲ್ಲಿ ವಿಂಗಡಿಸಿತು. ನಾನು ಮೀಸೆ ತಿರುವಿಕೊಂಡೆ. ಮೀಸೆಯಾದರೂ ಇತ್ತಲ್ಲ, ಇಪ್ಪತ್ತೊಂಬತ್ತಕ್ಕೇ ತಲೆಯ ಮೇಲೆ ತಿರುವಲು ಏನೂ ಉಳಿದಿರಲಿಲ್ಲ.

ಶಿಬಿರದ ಬೆಳಿಗ್ಗೆ ಮೊದಲ ಬಸ್ಸಿಗೇ ತಲಕಾಡಿನಿಂದ ಸಿದ್ದಮ್ಮ ಎಂಬ ಅಜ್ಜಿ ಮಗಳ ಭುಜ ಹಿಡಿದುಕೊಂಡು ಬಂದರು. ಆಪರೇಷನ್ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನರ್ಸ್ ಗೌರಮ್ಮ ಎರಡು ಸಲ ಹುಡುಕಿ ನನ್ನ ಮುಖ ನೋಡಿದರು.

"ಕಂಪ್ಯೂಟರಲ್ಲಿ ಇಲ್ಲ ಅಂದ್ರೆ ಇಲ್ಲ ಕಣಜ್ಜಿ. ಮುಂದಿನ ಸಲ ಬನ್ನಿ" ಎಂದೆ. ಇಂದಿಗೂ ಈ ವಾಕ್ಯ ನೆನಪಾದರೆ ಕಿವಿ ಬಿಸಿಯಾಗುತ್ತದೆ.

"ಓದ್ ವಾರ ಇಲ್ಲೇ ಕುಂತ್ಕಂಡು ಎಸ್ರು ಬರ್ಸಿವ್ನಿ ಕಣಪ್ಪಾ" ಎಂದರು ಅಜ್ಜಿ. "ಒಂದ್ ಕಣ್ಣು ಓಗೇಬುಡ್ತು. ಇನ್ನೊಂದೂ ಓದ್ರೆ ಒಲೆ ಉರೀತಾ ಅದಾ ಅಂತ ಕೈ ಇಟ್ಟೇ ನೋಡ್ಬೇಕು. ನಾ ಓಗಾಕಿಲ್ಲ." ಹಾಗೆಂದು ನನ್ನ ಮೇಜಿನ ಎದುರಿಗೇ ನೆಲದ ಮೇಲೆ ಕೂತುಬಿಟ್ಟರು.

ಗೌರಮ್ಮ ನನ್ನೊಡನೆ ವಾದಕ್ಕಿಳಿಯಲಿಲ್ಲ. ಪಕ್ಕದಲ್ಲಿದ್ದ ಕನ್ನಡಕದ ಪಟ್ಟಿ ಎತ್ತಿಕೊಂಡು ಬೆರಳಿಟ್ಟು ಓದುತ್ತಾ ಹೋದರು. "ಸಾ, ಇಲ್ಲೇ ಅವ್ರೆ ನೋಡಿ. ಸಿದ್ದಮ್ಮ, ತಲಕಾಡು. ವಯಸ್ಸು ಏಳು."

"ಏಳಾ! ನನ್ ಮೊಮ್ಮಗ್ಳಿಗೇ ಒಂಬತ್ತಾಯ್ತು ಕಣವ್ವಾ!" ಎಂದರು ಸಿದ್ದಮ್ಮ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಪಟ್ಟಿಯಲ್ಲಿ ಐದು ವರ್ಷದ ಚಿಕ್ಕತಾಯಮ್ಮ, ಆರು ವರ್ಷದ ಮಾದಯ್ಯ, ಎಂಟು ವರ್ಷದ ಪುಟ್ಟಬಸವಯ್ಯ ಎಲ್ಲರೂ ಸಾಲಾಗಿ ಕಾಣುತ್ತಿದ್ದರು. ಆ ಹೆಸರುಗಳನ್ನು ಮಕ್ಕಳಿಗಿಟ್ಟು ಎಷ್ಟು ಕಾಲವಾಯಿತು! ಎಣಿಸಿದರೆ ಹನ್ನೊಂದು ಜನ.

ತಪ್ಪು ಟೈಪ್ ಮಾಡಿದ್ದೀರೆಂದು, ಶಿಬಿರಕ್ಕೆ ನನ್ನ ಜೊತೆ ಬಂದಿದ್ದ ರಾಜಮ್ಮನವರ ಮೇಲೆ ರೇಗಿದೆ. ಅವರು ಬೇಸರ ಮಾಡಿಕೊಳ್ಳದೆ, ಕೇಂದ್ರದಿಂದ ತಂದಿಟ್ಟಿದ್ದ ಕಂಪ್ಯೂಟರಿನ ಕೀಬೋರ್ಡಿನ ಮುಂದೆ ಕೂತರು. "ಈಗ ಎಪ್ಪತ್ತೊಂದು ಹೊಡೀತೀನಿ, ನೀವೇ ನೋಡಿ ಸರ್." ಏಳನ್ನು ಸರಿಯಾಗಿಯೇ ಒತ್ತಿದರು. ಒಂದಕ್ಕೆ ಅವರ ಉಂಗುರದ ಬೆರಳು ನೇರವಾಗಿ ಎಲ್ ಅಕ್ಷರದ ಮೇಲೆ ಬಿತ್ತು.

"ಅದು ಎಲ್ ಅಲ್ವಾ?"

"ನಮ್ಮ ಹಳೇ ಟೈಪಿಂಗ್ ಮಿಷನ್‌ನಲ್ಲಿ ಒಂದರ ಕೀನೇ ಇಲ್ಲ ಸರ್. ಸಣ್ಣ ಎಲ್ಲನ್ನೇ ಒಂದು ಅಂತ ಹೊಡೆಯೋದು. ಇಪ್ಪತ್ತೈದು ವರ್ಷದಿಂದ ಹಂಗೇ ಕಲಿಸ್ತಿದ್ದೀನಿ."

ಪರದೆಯ ಮೇಲೆ ಎರಡೂ ಅವಳಿ ಜವಳಿಯಂತಿದ್ದವು. ನನ್ನ ಎಟಾಯ್ ಏಳನ್ನು ಓದಿ, ಮುಂದೆ ಅಕ್ಷರ ಕಂಡೊಡನೆ ಅಲ್ಲಿಗೇ ನಿಂತು, ಯಾರಿಗೂ ಒಂದು ಮಾತು ಹೇಳದೆ ಏಳನ್ನೇ ತಂದು ಒಪ್ಪಿಸಿತ್ತು. ಮೊದಲಿಗೇ ಅಕ್ಷರ ಸಿಕ್ಕರೆ ಅದು ಸೊನ್ನೆ ಕೊಡುತ್ತದೆ. ನಿಜವಾದ ಸೊನ್ನೆಯೋ, ಓದಲಾಗದ ಸೊನ್ನೆಯೋ ಎಂದು ಬಾಯಿ ಬಿಡುವುದಿಲ್ಲ.

ಗೌರಮ್ಮ ಹನ್ನೊಂದು ಹೆಸರನ್ನೂ ಆಪರೇಷನ್ ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಬರೆದರು. ಡಾಕ್ಟರು ಎಲ್ಲರ ಕಣ್ಣನ್ನೂ ಪರೀಕ್ಷಿಸಿ ರುಜು ಹಾಕಿದರು. ಒಬ್ಬರೂ ವಾಪಸ್ ಹೋಗಲಿಲ್ಲ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು, ಚೀಲದಲ್ಲಿದ್ದ ಸಿ ಪುಸ್ತಕದಲ್ಲಿ ನಾನು ಪಾಠದಲ್ಲಿ ಯಾವಾಗಲೂ ಹಾರಿಸುತ್ತಿದ್ದ ಪುಟವನ್ನು ತೆಗೆದೆ. ಅಲ್ಲಿ ಸ್ಟ್ರ್‌ಟಾಲ್ ಎಂಬ ಇನ್ನೊಂದು ಫಂಕ್ಷನ್ ಇತ್ತು. ಇದೂ ಅಕ್ಷರವನ್ನು ಸಂಖ್ಯೆ ಮಾಡುತ್ತದೆ, ಆದರೆ ಎಲ್ಲಿಯವರೆಗೆ ಓದಿದೆ ಎಂಬುದನ್ನೂ ತಿಳಿಸುತ್ತದೆ. ಹೊರಟ ಜಾಗದಲ್ಲೇ ನಿಂತಿದ್ದರೆ ಸಂಖ್ಯೆಯೇ ಇರಲಿಲ್ಲ. ನಡುವೆ ನಿಂತಿದ್ದರೆ ಬಾಲದಲ್ಲಿ ಕಸವಿದೆ. ಸಂಖ್ಯೆ ಹಿಡಿಸಲಾರದಷ್ಟು ದೊಡ್ಡದಾದರೆ ಅದಕ್ಕೂ ಬೇರೆಯೇ ಸೂಚನೆಯುಂಟು. ಇವಿಷ್ಟನ್ನೂ ನೋಡಿ, ವಯಸ್ಸು ನೂರಿಪ್ಪತ್ತರೊಳಗಿದೆಯೇ ಎಂದೂ ಕೇಳಿ, ಇಲ್ಲದಿದ್ದರೆ "ವಯಸ್ಸನ್ನು ಮತ್ತೆ ಟೈಪ್ ಮಾಡಿ" ಎನ್ನುವಂತೆ ಊಟದ ಹೊತ್ತಿಗೆ ತಿದ್ದಿದೆ. ಹೊಸ ಪ್ರೋಗ್ರಾಮು ರಾಜಮ್ಮನವರನ್ನು ಹೆಜ್ಜೆಹೆಜ್ಜೆಗೂ ತಡೆಯಿತು. "ಆಯ್ತಪ್ಪಾ, ಆಯ್ತು" ಎಂದು ಅದನ್ನು ಸಮಾಧಾನಪಡಿಸುತ್ತಾ ಅವರು ಒಂದನ್ನು ಹುಡುಕಿ ಹುಡುಕಿ ಒತ್ತಿದರು.

ಆಮೇಲೆ ತರಗತಿಯಲ್ಲಿ ಮೂವತ್ತು ಜನರಿಗೂ ಹಳೆಯ ಸಾಲನ್ನು ಹೊಡೆದುಹಾಕಲು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, "ಸಾ, ಪರೀಕ್ಷೇಲಿ ಯಾವ್ದು ಬರೀಬೇಕು?" ಎಂದು ಕೇಳಿದ. ನಾನು ಗುರುವಾಗಿದ್ದದ್ದು ಇಂಥವರಿಗೆ. ನನಗೆ ಗುರುಗಳಾದವರು ಆ ಮೂವರು ಹೆಂಗಸರು. ಒಬ್ಬರು ಎದ್ದು ಹೋಗಲಿಲ್ಲ, ಒಬ್ಬರು ಎರಡನೆಯ ಪಟ್ಟಿ ನೋಡಿದರು, ಒಬ್ಬರು ಬೈಸಿಕೊಂಡೂ ಬೆರಳಿಟ್ಟು ತೋರಿಸಿದರು. ಸಿದ್ದಮ್ಮ ಸುಮ್ಮನೆ ತಲಕಾಡಿನ ಬಸ್ಸು ಹತ್ತಿದ್ದರೆ ಆಗುತ್ತಿದ್ದುದನ್ನು ನೆನೆದರೆ, ಅವರ ಹಟಕ್ಕೆ ಕೈ ಮುಗಿಯಬೇಕೆನಿಸುತ್ತದೆ.

ಶಿಬಿರದ ಮರುದಿನ ಬೆಳಿಗ್ಗೆ ಅವರ ಕಣ್ಣಿನ ಪಟ್ಟಿ ಬಿಚ್ಚುವಾಗ ಕ್ಷಮೆ ಕೇಳೋಣವೆಂದು ಮಂಚದ ಹತ್ತಿರ ನಿಂತಿದ್ದೆ. ಅಜ್ಜಿ ರೆಪ್ಪೆ ಬಡಿದು, ಡಾಕ್ಟರನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನತ್ತ ತಿರುಗಿದರು.

"ಅಜ್ಜೀ, ನಾನು ಕಂಪ್ಯೂಟರಿನವನು. ತಪ್ಪಾಯ್ತು" ಎಂದೆ.

"ಅಯ್ಯೋ ನೀನಾ! ದನಿ ಕೇಳಿ ಯಾವ್ದೋ ಸಣ್ ಉಡ್ಗ, ಓಗ್ಲಿ ಅಂತ ಬಯ್ಯದೆ ಸುಮ್ಕಾಗಿದ್ನಲ್ಲಪ್ಪಾ. ತಲೇಲಿ ಒಂದ್ ಕೂದ್ಲೂ ಇಲ್ವಲ್ಲೋ!"

ಡಾಕ್ಟರು ನಗುತ್ತಾ ಅವರ ಚೀಟಿಯ ಮೇಲೆ ಬರೆದರು: ದೃಷ್ಟಿ ಉತ್ತಮ.